ಯಾವುದು ಅವ್ವನ ನವಣೆ

ಹೋದ ತಿಂಗಳು ಕೂಡ್ಲಿಗಿಯಿಂದ ಹೊಸಪೇಟೆಗೆ ಬರುವಾಗ ಮರಿಯಮ್ಮನಹಳ್ಳಿಯಲ್ಲಿ ಚಹಾ ಕುಡಿಯಲೆಂದು ಕಾರು ನಿಲ್ಲಿಸಿದೆ. ಹೋಟೆಲಿನ ಪಕ್ಕದಲ್ಲೇ ಒಂದು ಹಿಟ್ಟಿನ ಗಿರಣಿ. ಅದರೊಳಗಿಂದ ಬಂದ ವಾಸನೆಗೆ ಬಾಯಿಯ ಹತ್ತಿರ ಒಯ್ದ ಕಪ್ಪು ಅಲ್ಲೇ ನಿಂತಿತು. ಬಿಸಿಲಿಗೆ ಕಾದ ಒಣಹುಲ್ಲಿನ ವಾಸನೆ, ಅದರೊಳಗೆ ತುಸು ಎಣ್ಣೆಯ ಜಿಡ್ಡು, ಮೂಗಿನಲ್ಲಿ ಸಣ್ಣಗೆ ತುರಿಕೆ. ನವಣೆಯ ಹೊಟ್ಟು. ಒಳಗೆ ಹೋಗಿ ನೋಡಿದರೆ ಖಾರಪುಡಿ ಕುಟ್ಟುವ ಯಂತ್ರದ ಪಕ್ಕದಲ್ಲಿ ಸಿರಿಧಾನ್ಯದ ಹೊಟ್ಟು ಬಿಡಿಸುವ ಹೊಸ ಯಂತ್ರವೊಂದು ಕುಳಿತಿತ್ತು. ಗಿರಣಿಯವನು ಮುಖಕ್ಕೆ ಕಟ್ಟಿದ್ದ ಟವೆಲ್ ಸರಿಸಿ, "ನವಣಿ, ಸಾವಿ, ಎಲ್ಲಾ ಮಾಡಿ ಕೊಡ್ತೀವ್ರಿ. ನಿಮ್ದು ಎಷ್ಟೈತಿ?" ಎಂದ. ನನ್ನದೇನೂ ಇರಲಿಲ್ಲ. ಆದರೂ ಅಲ್ಲಿಂದ ಕದಲಲು ಮನಸ್ಸಾಗದೆ, ಆ ಧೂಳಿನಲ್ಲಿ ಸೀನುತ್ತ ನಿಂತೆ.

ನನ್ನ ಮೊದಲ ನೌಕರಿಯ ಮೊದಲ ಮುಂಗಾರು ಕಳೆದದ್ದು ಈ ಊರಿನ ಆಚೆಗಿನ ಒಂದು ಕೆಂಪು ಹೊಲದಲ್ಲಿ. ತಳಿ ಅಭಿವೃದ್ಧಿ ಓದಿ, ಒಂದು ಸಂಶೋಧನಾ ಕೇಂದ್ರಕ್ಕೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಬಹಳ ಹಿಂದೆ ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಯಾರೋ ಓಡಾಡಿ ಸಂಗ್ರಹಿಸಿದ್ದ ನವಣೆಯ ಬೀಜಗಳು ಬೀಜಭಂಡಾರದ ಶೀತಕೋಣೆಯಲ್ಲಿ ಮಲಗಿದ್ದವು; ಆ ಹಳ್ಳಿಗಳ ಹೊಲಗಳಿಂದ ನವಣೆ ಆಗಲೇ ಮರೆಯಾಗಿತ್ತು. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಮತ್ತೆ ಇಲ್ಲಿಯ ಮಣ್ಣಿಗೆ ಹಾಕಿ, ಯಾವುದು ಹೇಗೆ ಬರುತ್ತದೆಂದು ನೋಡಿ, ಎರಡನ್ನು ಆರಿಸಬೇಕಿತ್ತು. ಆ ಎರಡರ ಬೀಜವನ್ನು ಮುಂದಿನ ವರ್ಷ ಹೆಚ್ಚಿಸಿ ರೈತರಿಗೆ ಹಂಚುವುದು, ಉಳಿದವು ವಾಪಸ್ಸು ಶೀತಕೋಣೆಗೆ. ಅವಕ್ಕೆ ಮತ್ತೆ ಯಾವಾಗ ಬಿಸಿಲು ಕಾಣುವ ಯೋಗ ಬರುತ್ತದೋ ಯಾರೂ ಹೇಳುವಂತಿರಲಿಲ್ಲ. ಹುಟ್ಟಿದೂರು ಹೊಸಪೇಟೆ ಎಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಚೀಲದ ತುಂಬ ಸಣ್ಣ ಸಣ್ಣ ಬೀಜದ ಚೀಟ, ಕಾಗದದ ಪೊಟ್ಟಣಗಳನ್ನು ಹೊತ್ತು ಮನೆಗೆ ಬಂದೆ. ಹೆಚ್ಚಿನವುಗಳ ಮೇಲೆ ಬರೀ ಅಂಕಿಗಳಿದ್ದವು. ಒಂದರ ಮೇಲೆ ಮಾತ್ರ 'ಸಂಡೂರು' ಎಂದೂ ಬರೆದಿತ್ತು.

ಅಪ್ಪ ಟಿ.ಬಿ. ಡ್ಯಾಂನ ಕಾಲುವೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಚೀಟದೊಳಗಿನ ಕಾಳುಗಳನ್ನು ಅಂಗೈಯಲ್ಲಿ ಸುರುವಿಕೊಂಡು ಕನ್ನಡಕ ಮೇಲೇರಿಸಿ ನೋಡಿದರು.

"ಇದು ಹೋಗಿದ್ದು ನಮ್ಮ ಕಾಲುವಿಯಿಂದ ಅಂತ ಬರೀತೀಯೇನವಾ? ನಾವು ನೀರು ಕೊಟ್ವಿ, ಜನ ಭತ್ತ ಬೆಳದ್ರು. ನವಣಿ ಬ್ಯಾಡ ಅಂತ ನಾವೇನು ಹೇಳಿದ್ದಿಲ್ಲ."

"ಕಂಪ್ಲಿ ಕಡೆ ಹಂಗ ಆಗಿರಬಹುದು ಅಪ್ಪಾ. ಆದ್ರ ಮರಿಯಮ್ಮನಹಳ್ಳಿ ಆಚೆ ಕಾಲುವಿ ಹೋಗೇ ಇಲ್ಲಲ್ಲ. ಅಲ್ಲಿ ಯಾಕ ಹೋತು?"

ಅಪ್ಪ ಕಾಳನ್ನು ಜೋಪಾನವಾಗಿ ಚೀಟಕ್ಕೆ ತುಂಬಿ, "ಇದು ಒಳ್ಳೆ ಪ್ರಶ್ನಿ ಅದ" ಎಂದರು. ಆವತ್ತಿನಿಂದ ಆ ಪ್ರಶ್ನೆ ನಮ್ಮಿಬ್ಬರದೂ ಆಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ದಿನಕ್ಕೊಂದು ಕಾರಣ ಹುಡುಕಿ ಹೇಳುವರು: ಶೇಂಗಾ ಬಂತು, ಮೆಕ್ಕೆಜೋಳ ಬಂತು, ರೇಷನ್ ಅಕ್ಕಿ ಬಂತು. ಎಲ್ಲವೂ ನಿಜವೇ. ಆದರೆ ಜೋಳ, ಸಜ್ಜೆ ಅಷ್ಟಿಷ್ಟು ಉಳಿದುಕೊಂಡು ನವಣೆಯೊಂದೇ ಹೆಸರಿಲ್ಲದಂತೆ ಏಕೆ ಹೋಯಿತು ಎಂಬುದಕ್ಕೆ ಅವು ಯಾವುವೂ ಉತ್ತರವಾಗುತ್ತಿರಲಿಲ್ಲ.

ಹೊಲ ಕೊಟ್ಟವಳು ಹುಲಿಗೆಮ್ಮ. ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ಮಾತಾಡುವಾಗ ಎದುರಿನವರ ಕಣ್ಣನ್ನೇ ನೋಡುವವಳು. ಅವಳೂ ಅವಳ ಗಂಡನೂ ಬೇರೆಯವರ ಹೊಲಗಳಲ್ಲಿ ದುಡಿದು ಆ ನೆಲ ಮಾಡಿಕೊಂಡಿದ್ದರು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಸುಜಾತ ಬಿ.ಎ. ಮುಗಿಸಿ ಡ್ಯಾಂನ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವಳು. ಅವರ ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟವಿತ್ತು. ಸುಜಾತಳ ಅಪ್ಪ ಇದ್ದಾಗಲೇ ಮನೆಮಂದಿಯೆಲ್ಲ ಬೌದ್ಧರಾಗಿದ್ದರು.

ಬೇರೆ ರೈತರೆಲ್ಲ ನವಣೆ ಎಂದೊಡನೆ ನಕ್ಕು ಕಳಿಸಿದ್ದರೆ ಹುಲಿಗೆಮ್ಮ ಮಾತ್ರ ಕೂರಿಸಿಕೊಂಡು ಕೇಳಿದಳು. ಅವಳಿಗೆ ಅವಳದೇ ಒಂದು ಕಾರಣವಿತ್ತು.

"ನನ್ನ ತವರು ಸಂಡೂರು ಗುಡ್ಡದ ಬುಡಕ ಐತ್ರಿ. ಸಣ್ಣಾಕಿ ಇದ್ದಾಗ ನಮ್ಮವ್ವ ನವಣಕ್ಕಿ ಅನ್ನ ಮಾಡ್ತಿದ್ಲು. ಹುಡಿಹುಡಿ ಅನ್ನ, ಹಳದಿ ಬಣ್ಣ. ಅವ್ವ ಹೋದ ಮ್ಯಾಲ ಆ ರುಚಿ ಎಲ್ಲೂ ಸಿಗ್ಲಿಲ್ಲ. ಅದು ಯಾವ ನವಣಿ ಅಂತ ನನಗ ಗೊತ್ತಾಗ್ಬೇಕು. ನಿಮ್ಮ ಚೀಟದಾಗ ಅದಿದ್ರ ಒಂದ್ ಮುಟಗಿ ನನಗ ಕೊಡ್ಬೇಕು. ಇಷ್ಟ ನನ್ನ ಕರಾರು."

ನಾನು ಒಪ್ಪಿದೆ. ಒಪ್ಪುವಾಗ ನನ್ನ ಕಣ್ಣಮುಂದೆ ಇದ್ದದ್ದು ಸಂಡೂರಿನ ಚೀಟ. ಅದೇ ಇವಳ ಅವ್ವನ ನವಣೆ ಇದ್ದೀತೆಂದು ಮನಸ್ಸು ಆಗಲೇ ಕಥೆ ಕಟ್ಟಿಬಿಟ್ಟಿತ್ತು.

ಹದವಾದ ಮಳೆ ಬಿದ್ದ ಮರುದಿನ ಬಿತ್ತನೆ. ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ಹಗ್ಗ ಹಿಡಿದು ಸಾಲು ಎಳೆದು, ಒಂದೊಂದು ತಳಿಯನ್ನೂ ಮೂರು ಬೇರೆ ಬೇರೆ ಕಡೆ ಬಿತ್ತಿಸುತ್ತಿದ್ದೆ. ಹುಲಿಗೆಮ್ಮ ಹಗ್ಗದ ಇನ್ನೊಂದು ತುದಿ ಹಿಡಿದಿದ್ದಳು.

"ಒಂದ ಬೀಜಾನ ಮೂರ್ ಮೂರ್ ಕಡಿ ಯಾಕ ಹಾಕ್ತೀರಿ ಮೇಡಮ್ಮಾರ?"

"ಮ್ಯಾಲಿನ ತುದಿ ಬರೇ ಗರಸು, ಕಲ್ಲುಮಣ್ಣು, ಕೆಳಗ ನೀರು ನಿಲ್ತೈತಿ. ಒಂದ ಕಡಿ ಹಾಕಿದ್ರ ಬೀಜ ಚಲೋನೋ ನೆಲ ಚಲೋನೋ ಗೊತ್ತಾಗಂಗಿಲ್ರಿ."

"ಅಂದ್ರ ಹೊಲ ಸುಳ್ಳು ಹೇಳ್ತೈತಿ ಅಂತ ನಿಮಗ ಅನುಮಾನ."

"ಹೊಲದ ಮ್ಯಾಲ ಅಲ್ರಿ, ನನ್ನ ಕಣ್ಣಿನ ಮ್ಯಾಲ."

ಅದು ಅವಳಿಗೆ ಹಿಡಿಸಿತು. ಆಮೇಲೆ ಹೊಲಕ್ಕೆ ಯಾರೇ ಬಂದರೂ ಈ ಮೂರು ಕಡೆಯ ಲೆಕ್ಕವನ್ನು ಅವಳೇ ವಿವರಿಸುತ್ತಿದ್ದಳು, ನನಗಿಂತ ಚೆನ್ನಾಗಿ.

ಆ ಮಳೆಗಾಲ ಸಂಡೂರು ಗುಡ್ಡಗಳು ನಾನು ಎಂದೂ ಕಾಣದಷ್ಟು ಹಸಿರಾಗಿದ್ದವು. ಬೇಸಿಗೆಯುದ್ದಕ್ಕೂ ಅದಿರಿನ ಧೂಳು ಹೊದ್ದು ಕಂದಾಗಿದ್ದ ಗಿಡಗಳನ್ನು ಮಳೆ ತೊಳೆದಿತ್ತು. ಹೆದ್ದಾರಿಯಲ್ಲಿ ಲಾರಿಗಳ ಸದ್ದು ಹಗಲೆಲ್ಲ ಕೇಳುತ್ತಿತ್ತು. ಗಾಳಿ ಜೋರಾದಾಗ ಅದೂ ಅಡಗಿ, ಎಳೆಯ ಪೈರು ಒಂದೇ ಕಡೆಗೆ ಬಾಗಿ ಏಳುವುದಷ್ಟೇ ಉಳಿಯುತ್ತಿತ್ತು. ನಾನು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು, ತಾಕಿನಿಂದ ತಾಕಿಗೆ ಕೋಲು ಹಿಡಿದು ಎತ್ತರ ಅಳೆಯುವೆ, ಕವಲು ನೋಡುವೆ, ಯಾವುದರ ತೆನೆ ಮೊದಲು ಇಣುಕಿತು ಎಂದು ಗುರುತು ಹಾಕಿಕೊಳ್ಳುವೆ. ಒಂದೇ ಬೆಳೆ ಎಂದುಕೊಂಡಿದ್ದು ಬರಬರುತ್ತ ಒಂದು ಊರಿನ ಜನದಂತೆ ಕಾಣಲು ಶುರುವಾಯಿತು. ಒಂದರ ದಂಟು ನೇರಳೆ, ಒಂದರದು ತಿಳಿಹಸಿರು. ಒಂದರ ತೆನೆ ನರಿಬಾಲದಂತೆ ತೂಗುತ್ತಿತ್ತು. ಇನ್ನೊಂದರ ತೆನೆ ಮೋಟು, ನೆಟ್ಟಗೆ.

ಆಮೇಲೆ ಮಳೆ ಕೈಕೊಟ್ಟಿತು. ಮೋಡ ಬರುವುದು, ಗುಡ್ಡದ ಮೇಲೆ ನಿಲ್ಲುವುದು, ಹೋಗುವುದು. ಎಲೆಗಳು ಮಧ್ಯಾಹ್ನ ಸುರುಳಿ ಸುತ್ತಿಕೊಳ್ಳುತ್ತಿದ್ದವು. ನನಗೆ ಒಳಗೊಳಗೇ ಹೆದರಿಕೆ, ಜೊತೆಗೆ ಕುತೂಹಲ. ಯಾವುದು ಮೊದಲು ಸೋಲುತ್ತದೆ, ಯಾವುದು ಸಂಜೆಗೆ ಮತ್ತೆ ಎಲೆ ಬಿಚ್ಚುತ್ತದೆ ಎಂದು ನೋಡಲು ಬಿಸಿಲಿನಲ್ಲೇ ಕೂರುವೆ. ಮಳೆ ಮತ್ತೆ ಬಂದಾಗ ನಾಲ್ಕಾರು ತಳಿ ಒಣಗಿಹೋಗಿದ್ದವು. ಎಲ್ಲಕ್ಕಿಂತ ಎತ್ತರವಿದ್ದ ಒಂದು ಹಳದಿ ತೆನೆಯ ತಳಿ ಏನೂ ಆಗದವರ ಹಾಗೆ ಮುಂದುವರಿಯಿತು. ನಾವು ಅದನ್ನು 'ಉದ್ದಂದು' ಎಂದು ಕರೆಯುತ್ತಿದ್ದೆವು. ನಾನು ಆಸೆಯಿಟ್ಟಿದ್ದ ಸಂಡೂರಿನದು ಗಿಡ್ಡಕ್ಕೆ, ಬಡಕಲಾಗಿ ಮೂರೂ ಕಡೆ ಉಳಿದಿತ್ತು. ಅದರ ತೆನೆಯ ಮೇಲೆಲ್ಲ ಮುಳ್ಳಿನಂಥ ಉದ್ದ ಕೂದಲು.

ಆ ಕೂದಲೇಕೆ ಎಂಬುದು ಕಾಳು ಹಾಲುಗಟ್ಟಿದಾಗ ತಿಳಿಯಿತು. ಗಿಳಿ, ಗುಬ್ಬಿ, ರಾಟವಾಳಗಳ ಹಿಂಡು ಇಳಿಯತೊಡಗಿತು. ಒಂದು ಭಾನುವಾರ ನಾನೂ ಸುಜಾತಳೂ ಡಬ್ಬಿ ಬಡಿಯುತ್ತ ಬದುವಿನ ಮೇಲೆ ಕೂತಿದ್ದೆವು. ಹಕ್ಕಿ ಸಂಡೂರಿನದರ ಮೇಲೆ ಕೂರುವುದು, ಒಮ್ಮೆ ಕೊಕ್ಕು ಹಾಕುವುದು, ತಲೆ ಕೊಡವಿ ಪಕ್ಕದ ತಾಕಿಗೆ ಹಾರುವುದು.

"ನೋಡ್ರಿ ಸಂಧ್ಯಾ ಅಕ್ಕ, ಕೂದಲು ಮಾರಿಗೆ ಚುಚ್ಚತೈತಿ ಅಂತ ಓಡಿ ಹೋಗ್ತೈತಿ" ಎಂದು ಸುಜಾತ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಅಲ್ರಿ, ಇಷ್ಟೆಲ್ಲ ಅಳೀತೀರಿ. ಬೆಳದ ಮ್ಯಾಲ ಅದನ್ನ ಕುಟ್ಟಿ ಅಕ್ಕಿ ಮಾಡೋರು ಯಾರು? ಅದನ್ನ ಅಳದೀರೇನು?"

ಅಳೆದಿರಲಿಲ್ಲ. ಅಳೆಯಬೇಕಾದ ಗುಣಗಳ ಸಾಲಿನಲ್ಲಿ ಅದು ಇರಲೇ ಇಲ್ಲ. "ಅದಕ್ಕ ಮಿಷಿನ್ ಬರ್ತಾವ" ಎಂದೆ.

"ಬರ್ತಾವ, ಬರ್ಲಿ. ಬರೋ ತನಕ? ನಾನಂತೂ ಆಫೀಸಿಂದ ಬಂದು ಒನಕಿ ಹಿಡಿಯಂಗಿಲ್ಲ, ಮೊದಲ ಹೇಳಿಬಿಡ್ತೀನಿ."

ತೆನೆಗಳು ಬಣ್ಣ ತಿರುಗಿದ ಹೊತ್ತಿಗೆ ಹುಲಿಗೆಮ್ಮ ತನ್ನ ಪ್ರಶ್ನೆಗೆ ಉತ್ತರ ಹುಡುಕಲು ಕಂಪ್ಲಿಯಿಂದ ಸೋದರಮಾವ ಈರಪ್ಪನನ್ನು ಕರೆಸಿದಳು. ಎಂಬತ್ತರ ಮುದುಕ. ಅವಳ ಅವ್ವನ ತವರೂರಿನಲ್ಲಿ ಹುಟ್ಟಿ, ಕಾಲುವೆ ನೀರಿನ ಭತ್ತ ನಾಟಿ ಮಾಡಲು ಹೋಗಿ ಕಂಪ್ಲಿಯಲ್ಲಿಯೇ ಉಳಿದವನು. ಇದು ಕಿವಿಗೆ ಬಿದ್ದು ಅಪ್ಪನೂ ಹಂಪಿಯ ತಮ್ಮ ಗೆಳೆಯ ಗೋವಿಂದಾಚಾರ್ರನ್ನು ಕರೆತಂದರು. ಆಚಾರ್ರ ಮನೆತನದವರು ಒಂದು ಸಣ್ಣ ಗುಡಿಯ ಪೂಜೆಯವರು. ಅವರ ಅಜ್ಜನ ಕಾಲದಲ್ಲಿ ಹೊಸ ನವಣೆಯ ಪಾಯಸ ನೈವೇದ್ಯಕ್ಕಾಗುತ್ತಿತ್ತಂತೆ.

ಈರಪ್ಪ ಕೋಲೂರಿಕೊಂಡು ಇಡೀ ಹೊಲ ಸುತ್ತಿದ. ಒಂದು ನೇರಳೆ ದಂಟಿನ ತಾಕಿನ ಮುಂದೆ ನಿಂತ. "ಇದ ನೋಡವ. ಸಂಶಯ ಬ್ಯಾಡ. ಇದರ ಹುಲ್ಲ ಹಾಕಿದ್ರ ನಮ್ಮ ಎತ್ತು ಜೋಳದ ಸೊಪ್ಪಿ ಮೂಸ್ತಿದ್ದಿಲ್ಲ."

ಆಚಾರ್ರು ತೆನೆಯೊಂದನ್ನು ಉಜ್ಜಿ ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅವರು ಆರಿಸಿದ್ದು ಉದ್ದಂದನ್ನು. "ಇದೇ ಅದ. ಅಜ್ಜ ತರ್ತಿದ್ದ ಕಾಳು ಹಿಂಗ ಬಂಗಾರದ ಬಣ್ಣ ಇರ್ತಿತ್ತು."

ಹುಲಿಗೆಮ್ಮ ಇಬ್ಬರನ್ನೂ ಒಪ್ಪಲಿಲ್ಲ. ಹೊಲದ ನಡುವಿನ ಒಂದು ಕೆಂಪು ಕಾಳಿನ ತಳಿಯ ಹತ್ತಿರ ಹೋಗಿ ತೆನೆಯನ್ನು ಕೆನ್ನೆಗೆ ಒತ್ತಿಕೊಂಡಳು. "ನಮ್ಮವ್ವನ್ದು ಇದು. ನನಗ ಗೊತ್ತೈತಿ. ಮ್ಯಾಲ ಕೆಂಪು, ಒಳಗ ಹಳದಿ."

ಸಂಡೂರಿನ ಚೀಟದ ತಳಿಯ ಕಡೆ ಮೂವರೂ ತಿರುಗಿಯೂ ನೋಡಲಿಲ್ಲ. ನನ್ನ ಮುಖ ಸಣ್ಣಗಾಗಿದ್ದು ಅಪ್ಪನಿಗೆ ಕಂಡಿರಬೇಕು.

"ಮೂವರೊಳಗ ಖರೇ ಹೇಳಾಕತ್ತೋರು ಯಾರು?" ಎಂದರು ಅಪ್ಪ.

"ಮೂವರೂ ಖರೇನ ಹೇಳಿರಬಹುದ್ರಿ ಸಾಹೇಬ್ರ" ಎಂದಳು ಹುಲಿಗೆಮ್ಮ. "ಒಂದೊಂದ್ ಊರಾಗ ಒಂದೊಂದ್ ನವಣಿ ಇತ್ತೇನೋ."

ನನಗೂ ಹಾಗೇ ಅನ್ನಿಸಿತು. ಒಬ್ಬನ ನೆನಪು ಎತ್ತಿನ ಬಾಯಿಯದು, ಒಬ್ಬರದು ಕಾಳಿನ ಬಣ್ಣದ್ದು, ಒಬ್ಬಳದು ಅವ್ವನ ತಾಟಿನದು. ಇವನ್ನು ನಾನು ಯಾವ ಕೋಲಿನಿಂದ ಅಳೆಯಲಿ?

ಕೊಯ್ಲು ಮುಗಿದು, ತೆನೆ ಬಡಿದು ತೂಕ ಮಾಡಿದಾಗ ಉದ್ದಂದು ಎಲ್ಲವನ್ನೂ ಮೀರಿಸಿತ್ತು. ನೇರಳೆ ದಂಟಿನದು ಅದರ ಹಿಂದೆ. ಸಂಡೂರಿನದೂ ಹುಲಿಗೆಮ್ಮನ ಕೆಂಪು ನವಣೆಯೂ ನಡುವೆ ಎಲ್ಲೋ. ಮೇಲಧಿಕಾರಿಗಳು ಫೋನಿನಲ್ಲಿ, "ಒಳ್ಳೇದಾಯ್ತಲ್ಲ, ಮೊದಲ ಎರಡು ಕಳಿಸು" ಎಂದರು. ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಸುಜಾತಳ ಮಾತು ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಒಂದು ವಾರ ಸಮಯ ಕೇಳಿದೆ.

ಆ ಶನಿವಾರ ಹುಲಿಗೆಮ್ಮನ ಮನೆಯ ಅಂಗಳದಲ್ಲಿ ಕುಟ್ಟುವ ಕೆಲಸ ಇಟ್ಟುಕೊಂಡೆವು. ಚೆನ್ನಾಗಿ ಬಂದ ತಳಿಗಳಿಂದ ಒಂದೊಂದು ಸಮ ಅಳತೆ. ಒಂದೇ ಒಳ್ಳು, ಒಂದೇ ಒನಕೆ. ಕುಟ್ಟುವವರು ಮಾತ್ರ ಸರದಿ ಬದಲಾಯಿಸಬೇಕು, ಇಲ್ಲದಿದ್ದರೆ ತೋಳಿನ ಬಲ ಸುಳ್ಳು ಹೇಳುತ್ತದೆ ಎಂದೆ. "ಮತ್ತ ಮೂರ್ ಕಡಿ ಲೆಕ್ಕ" ಎಂದಳು ಹುಲಿಗೆಮ್ಮ. ಅವಳೂ ನಾನೂ ಸೆರಗು ಬಿಗಿದು ನಿಂತೆವು. ಸಲ್ವಾರಿನ ಸುಜಾತ ದುಪಟ್ಟಾ ಸೊಂಟಕ್ಕೆ ಕಟ್ಟಿದಳು. ಅಪ್ಪ ಕಟ್ಟೆಯ ಮೇಲೆ ಕುಳಿತು ಕೇರಿದ ಅಕ್ಕಿಯನ್ನೂ ನುಚ್ಚನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿಡುವ ಕೆಲಸ ತಾವಾಗಿಯೇ ವಹಿಸಿಕೊಂಡರು.

ಉದ್ದಂದು ಮೊದಲ ಪೆಟ್ಟಿಗೇ ಒಡೆಯತೊಡಗಿತು. ಹೊಟ್ಟು ಬಿಡುವ ಮೊದಲೇ ಕಾಳು ನುಚ್ಚು. ಮೊರದಲ್ಲಿ ಕೇರಿದರೆ ಗಾಳಿಗೆ ಅರ್ಧ ಹಾರಿಹೋಯಿತು. ನೇರಳೆ ದಂಟಿನದೂ ಹೆಚ್ಚುಕಡಿಮೆ ಹಾಗೇ. ಸಂಡೂರಿನ ಬಡಕಲು ನವಣೆ ಮಾತ್ರ ಸೋಜಿಗ: ಸ್ವಲ್ಪ ಕುಟ್ಟಿದ್ದಕ್ಕೇ ಅಂಗಿ ಕಳಚಿದಂತೆ ಹೊಟ್ಟು ಬಿಟ್ಟು, ದುಂಡಗಿನ ಹಳದಿ ಅಕ್ಕಿ ಕೆಳಗುಳಿಯಿತು. ಸುಜಾತ ಅದನ್ನು ಬೊಗಸೆಯಲ್ಲಿ ಹಿಡಿದು, "ಇದಾದ್ರ ನಾನೂ ಕುಟ್ಟೇನು" ಎಂದಳು.

ಕೊನೆಗೆ ಕೆಂಪು ನವಣೆ. ಅದನ್ನು ತಾನೇ ಮೊದಲು ಕುಟ್ಟುತ್ತೇನೆಂದು ಹುಲಿಗೆಮ್ಮ ಒನಕೆ ತೆಗೆದುಕೊಂಡಳು. ಕುಟ್ಟಿದಳು, ಕೇರಿದಳು. ಅರ್ಧಕ್ಕರ್ಧ ಹೊಟ್ಟು ಹಾಗೇ ಅಂಟಿತ್ತು. ಮತ್ತೆ ಕುಟ್ಟಿದಳು. ಮತ್ತೆ ಕೇರಿದಳು. ಕಾಳು ಒಡೆಯಲಿಲ್ಲ, ಹೊಟ್ಟನ್ನೂ ಬಿಡಲಿಲ್ಲ. ಹಣೆಯ ಬೆವರು ಗಲ್ಲಕ್ಕಿಳಿಯಿತು. ನಾನು ಕೈ ಚಾಚಿದರೆ ಕೊಡಲಿಲ್ಲ. ಕೊನೆಗೂ ಒಂದು ಹಿಡಿ ಅಕ್ಕಿ ಕಾಣಿಸಿಕೊಂಡಿತು, ಅವಳು ಹೇಳಿದಂತೆಯೇ ಅಚ್ಚ ಹಳದಿ. ಅವಳು ಒನಕೆ ಗೋಡೆಗೆ ಒರಗಿಸಿ ನೆಲದ ಮೇಲೆ ಕೂತಳು.

"ಅಷ್ಟು ಮಂದಿಗೆ ಅನ್ನ ಮಾಡ್ತಿದ್ಲಲ್ಲ ನಮ್ಮವ್ವ" ಎಂದಳು. "ನಾನು ಕುರಿ ಹಿಂದ ಹೋಗಿರ್ತಿದ್ದೆ. ಬರೋದ್ರಾಗ ತಾಟಿನ್ಯಾಗ ಅನ್ನ ಇರ್ತಿತ್ತು. ಹೆಂಗ ಬಂತು ಅಂತ ಒಂದಿನಾನೂ ಕೇಳ್ಲಿಲ್ಲ."

ಅಪ್ಪ ಬಟ್ಟಲುಗಳ ಕಡೆ ನೋಡುತ್ತ ನಿಧಾನವಾಗಿ ಅಂದರು: "ಸಂಧ್ಯಾ, ನಮ್ಮ ಪ್ರಶ್ನಿಗೆ ಉತ್ತರ ಇಲ್ಲೇ ಅದ ನೋಡು. ಜೋಳಕ್ಕ ಈ ಕಷ್ಟ ಇಲ್ಲ, ನೇರ ಬೀಸಿದ್ರ ಹಿಟ್ಟು. ರೇಷನ್ ಅಕ್ಕಿ ಬಂದ ದಿನ ಈ ಹೆಣ್ಮಕ್ಳು ಒನಕಿ ಕೆಳಗಿಟ್ಟಾರ. ಯಾರು ಬ್ಯಾಡ ಅಂದಾರು?"

ಕಾಲುವೆ ಹೋಗದ ಊರಿನಲ್ಲಿ ನವಣೆ ಏಕೆ ಹೋಯಿತೆಂಬುದಕ್ಕೆ ಇದೊಂದೇ ಉತ್ತರವೆಂದು ನಾನು ಇಂದಿಗೂ ಹೇಳಲಾರೆ. ಆದರೆ ನನ್ನ ಉರಿಯುತ್ತಿದ್ದ ಅಂಗೈಗಳಿಗೆ ಅನುಮಾನವಿರಲಿಲ್ಲ.

ಹುಲಿಗೆಮ್ಮ ಎದ್ದು ಒಲೆ ಹೊತ್ತಿಸಿದಳು. ಸಂಡೂರಿನದು ಒಂದು ಪಾತ್ರೆ, ಕೆಂಪಿನದು ಒಂದು ಸಣ್ಣ ಪಾತ್ರೆ ಅನ್ನ. ಊಟದ ಹೊತ್ತಿಗೆ ನನಗೆ ಒಂದು ಅಳುಕು ಶುರುವಾಯಿತು. ಅಪ್ಪ ನೌಕರಿಯುದ್ದಕ್ಕೂ ಹಳ್ಳಿ ಸುತ್ತಿದರೂ ಮನೆಯ ಡಬ್ಬಿ, ಮನೆಯ ನೀರು ಬಿಟ್ಟವರಲ್ಲ. ಅದು ಹುಲಿಗೆಮ್ಮನಿಗೂ ಗೊತ್ತಿತ್ತು. ಕಾಲುವೆ ಕೆಳಗಿನ ಗದ್ದೆಗಳಿಗೆ ಕೂಲಿಗೆ ಹೋಗುವಾಗ ಡ್ಯಾಂನ ಸಾಹೇಬರುಗಳ ಡಬ್ಬಿಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವಳು ಬಾಗಿಲಲ್ಲಿ ನಿಂತು, ಒತ್ತಾಯವೂ ಅಲ್ಲದ, ಬಿಟ್ಟುಕೊಡುವುದೂ ಅಲ್ಲದ ದನಿಯಲ್ಲಿ, "ಒಳಗ ಬಂದು ಕುಂದ್ರಿ ಸಾಹೇಬ್ರ. ಸಾರಿಗೆ ಉಳ್ಳಾಗಡ್ಡಿ ಹಾಕಿಲ್ಲ" ಎಂದಳು.

ಅಪ್ಪ ಹೊಸ್ತಿಲಿನ ಹತ್ತಿರ ಚಪ್ಪಲಿ ಬಿಟ್ಟರು. ಒಂದು ಗಳಿಗೆ ಅಲ್ಲೇ ನಿಂತರು. ಆಮೇಲೆ ಒಳಗೆ ಹೋಗಿ ಚಾಪೆಯ ಮೇಲೆ ಕೂತು ತಾಟನ್ನು ತಮ್ಮ ಕಡೆ ಎಳೆದುಕೊಂಡರು. ಎರಡೂ ಅನ್ನವನ್ನು ಬೇರೆ ಬೇರೆಯಾಗಿ ಬಾಯಿಗಿಟ್ಟು, ಪರೀಕ್ಷೆಯ ಉತ್ತರ ಪತ್ರಿಕೆ ನೋಡುವವರಂತೆ ಅಗಿದರು. "ಕೆಂಪಿನ್ದ ರುಚಿ ಹೆಚ್ಚು" ಎಂದರು. "ಇನ್ನೊಂದ್ ತುತ್ತು ಬಡಸ್ರಿ."

ಹುಲಿಗೆಮ್ಮ ಬಡಿಸಿದಳು. ತಾನೂ ತಿಂದಳು. "ಇದ" ಎಂದಳು, ಅಷ್ಟೇ.

ಮರುವಾರ ಮೇಲಧಿಕಾರಿಗಳು ಹೊಸಪೇಟೆಗೆ ಬಂದಾಗ ನಾನು ಅಪ್ಪ ಬೇರೆ ಮಾಡಿಟ್ಟಿದ್ದ ಬಟ್ಟಲುಗಳನ್ನೇ ಮೇಜಿನ ಮೇಲೆ ಇಟ್ಟೆ. ಅವರು ಕೆಟ್ಟ ಮನುಷ್ಯರೇನಲ್ಲ, ಹೊಲದಲ್ಲೇ ಕೂದಲು ಬೆಳ್ಳಗಾದವರು. ಯಂತ್ರ ಬಂದಮೇಲೆ ಈ ಗುಣಕ್ಕೆ ಬೆಲೆಯಿರುವುದಿಲ್ಲ, ಇಳುವರಿಗೆ ಯಾವಾಗಲೂ ಇರುತ್ತದೆ ಎಂದು ವಾದಿಸಿದರು. ಯಂತ್ರ ಬರಬೇಕಾದರೆ ಮೊದಲು ಬೆಳೆಯಿರಬೇಕು, ಬೆಳೆಯಿರಬೇಕಾದರೆ ಯಾರಾದರೂ ಅದನ್ನು ಅಡುಗೆಗೆ ತರಲು ಒಪ್ಪಬೇಕು ಎಂದು ನಾನು. ನೌಕರಿಗೆ ಸೇರಿದ ಮೇಲೆ ಹಿರಿಯರ ಮಾತಿಗೆ ಎದುರಾಡಿದ್ದು ಅದೇ ಮೊದಲು. ಅವರು ಬಹಳ ಹೊತ್ತು ನುಚ್ಚಿನ ಬಟ್ಟಲಿನಲ್ಲಿ ಬೆರಳಾಡಿಸಿದರು.

"ಸರಿ. ಒಂದು ಉದ್ದಂದು. ಇನ್ನೊಂದು ನಿನ್ನ ಸಂಡೂರಿನದು. ಈ ಕೆಂಪು?"

ಕೆಂಪು ನವಣೆಯ ಪರವಾಗಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಇಳುವರಿಯೂ ಇಲ್ಲ, ಸಲೀಸೂ ಇಲ್ಲ. ರುಚಿ ಇದೆ ಎಂದೆ. ಅವರು ನಕ್ಕರು, ನಾನೂ ನಕ್ಕೆ. ಅದು ಶೀತಕೋಣೆಗೆ ವಾಪಸ್ಸಾಗುವ ಗುಂಪಿಗೆ ಸೇರಿತು. ಹುಲಿಗೆಮ್ಮನಿಗೆ ಮಾತುಕೊಟ್ಟಿದ್ದ ಒಂದು ಮುಟಗಿಯನ್ನು ಅವರ ಒಪ್ಪಿಗೆ ಪಡೆದು ಅವಳ ಸೆರಗಿಗೆ ಹಾಕಿ ಬಂದೆ.

ಮುಂದಿನ ಮುಂಗಾರಿನ ಹೊತ್ತಿಗೆ ನನ್ನನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿದ್ದರು. ಬಿತ್ತನೆಯ ದಿನ ಹುಲಿಗೆಮ್ಮ ಫೋನ್ ಮಾಡಿದಳು. ಬೀಜ ಹೆಚ್ಚಿಸಲೆಂದು ಕೇಂದ್ರದವರು ಕೊಟ್ಟ ಸಂಡೂರಿನದನ್ನು ಕೆಳಗಿನ ಹೊಲಕ್ಕೆಲ್ಲ ಹಾಕಿದ್ದಳು, ಅಕ್ಕಪಕ್ಕದ ಇಬ್ಬರು ಹೆಂಗಸರೂ ಬೀಜ ಒಯ್ದಿದ್ದರು. ಉದ್ದಂದನ್ನು ಬೇರೆಯವರಿಗೆ ಕೊಟ್ಟಿದ್ದಳು.

"ಕೆಂಪಿಂದು?" ಎಂದೆ.

"ಮ್ಯಾಲಿನ ಬದುವಿಗೆ ಹಾಕೀನಿ. ನಾಕ ಸಾಲು."

"ಅದನ್ನ ಕುಟ್ಟೋದು ಎಷ್ಟು ಕಷ್ಟ ಅಂತ ನೋಡಿದ್ರಲ್ಲ. ಮತ್ತ ಯಾಕ್ರಿ?"

ಆ ಕಡೆಯಿಂದ ಗಾಳಿಯ ಸದ್ದು, ದೂರದಲ್ಲೊಂದು ಲಾರಿ.

"ವರ್ಷಕ್ಕ ಒಂದಿನ ಕುಟ್ಟತೀನಿ" ಎಂದಳು ಹುಲಿಗೆಮ್ಮ. "ನಮ್ಮವ್ವನ ಜೋಡಿ ಒಂದಿನ ದುಡದಂಗ ಆಗ್ತೈತಿ."